ಮೂವತ್ತು ಮಾರು ತಂತಿ

ನಮ್ಮ ಮನೆಯ ಬಾಗಿಲಿಗೆ ಕರೆಗಂಟೆ ಬಂದು ಎಂಟು ದಿನವಾಯಿತು. ಚೌಕಟ್ಟಿನ ಬಲಮಗ್ಗುಲಿಗೆ, ಎದೆಯ ಎತ್ತರದಲ್ಲಿ, ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಒಂದು ಬಿಳಿಯ ಗುಂಡಿ. ಅದನ್ನು ಒತ್ತಿದರೆ ನಡುಮನೆಯ ಗೋಡೆಯ ಮೇಲೆ ಯಾವುದೋ ಅಪರಿಚಿತ ಪಕ್ಷಿ ಗಂಟಲು ಸರಿಪಡಿಸಿಕೊಂಡು ಕೂಗುತ್ತದೆ. ಓಣಿಯ ಜನ ಮೊದಲ ಎರಡು ದಿನ ಕಾರಣವಿಲ್ಲದೆ ಬಂದು ಒತ್ತಿ ಹೋದರು. ಮೂರನೆಯ ದಿನದಿಂದ ಕಾರಣ ಹುಡುಕಿಕೊಂಡು ಬಂದು ಒತ್ತತೊಡಗಿದರು. ಇಡೀ ಓಣಿಯಲ್ಲಿ ಅದನ್ನು ಈವರೆಗೆ ಮುಟ್ಟದವನು ನಾನೊಬ್ಬನೇ. ಶಾಲೆಯಿಂದ ಬಂದವನು ಹಳೆಯ ರೂಢಿಯಂತೆ ಚಿಲಕ ಬಡಿದು ನಿಲ್ಲುತ್ತೇನೆ. ವಿಜ್ಞಾನ ಕಲಿಸುವ ಮಾಸ್ತರರಿಗೆ ವಿಜ್ಞಾನದ ಮೇಲೆ ಇಷ್ಟೊಂದು ಅನುಮಾನವೇ ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಾಳೆ.

ಅನುಮಾನ ವಿಜ್ಞಾನದ ಮೇಲಲ್ಲ, ಗುಂಡಿಯ ಮೇಲೆ. ಹಗ್ಗ ಜಗ್ಗಿದವನಿಗೆ ಹಗ್ಗದ ಬಿಗಿ ಅಂಗೈಗೆ ತಿಳಿಯುತ್ತದೆ. ಆ ತುದಿ ಎಲ್ಲಿಯೋ ಸಿಕ್ಕಿಕೊಂಡಿದ್ದರೆ ಈ ತುದಿಯಲ್ಲೇ ಗೊತ್ತಾಗುತ್ತದೆ. ಗುಂಡಿ ಹಾಗಲ್ಲ. ಒತ್ತುವ ಬೆರಳು ಒಂದು ಕಡೆ, ಆಗುವ ಕೆಲಸ ಇನ್ನೊಂದು ಕಡೆ, ನಡುವೆ ನಡೆದದ್ದೇನೆಂದು ಕಂಡವರಿಲ್ಲ. ಇದನ್ನೇ ಬೆಳೆಸಿ ಒಂದು ತತ್ತ್ವದ ಮಟ್ಟಕ್ಕೆ ಏರಿಸಿ ನಿಮ್ಮನ್ನು ಮೆಚ್ಚಿಸುವ ಆಸೆ ನನಗೂ ಉಂಟು. ಆದರೆ ನಿಜವಾದ ಸಂಗತಿ ತತ್ತ್ವಕ್ಕಿಂತ ಬಹಳ ಕೆಳಗಿನದು. ನಾನು ಒಮ್ಮೆ ಒಂದು ಗುಂಡಿಗೆ ತಂತಿ ಜೋಡಿಸಿದ್ದೆ. ಅದರಿಂದ ಒಬ್ಬ ಮನುಷ್ಯನ ನೌಕರಿ ಹೋಯಿತು.

ಆಗ ನಾನು ಸಂಶಿಯಿಂದ ಬಸ್ಸಿಗೆ ಅರ್ಧ ತಾಸು ದೂರದ ಒಂದು ಊರಿನ ಹೈಸ್ಕೂಲಿನಲ್ಲಿದ್ದೆ. ವಿಜ್ಞಾನದ ಪದವಿ ಪಡೆದವನು ಆ ಊರಿಗೆ ನಾನೊಬ್ಬನೇ. ಭೌತಶಾಸ್ತ್ರ ಓದಿದವನಿಗೆ ಸಕಲ ಭೌತಿಕ ವಸ್ತುಗಳೂ ವಶವಾಗಿರಬೇಕೆಂಬ ಮುಗ್ಧ ತರ್ಕದಿಂದ ಜನ ತಮ್ಮ ಕುರುಡಾದ ಬ್ಯಾಟರಿ, ಮೂಕವಾದ ರೇಡಿಯೋ, ನಿಂತುಹೋದ ಗಡಿಯಾರಗಳನ್ನು ನನ್ನ ಬಳಿ ತರುತ್ತಿದ್ದರು. ನಾನು ಅವುಗಳ ಬೆನ್ನು ಬಿಚ್ಚಿ, ವೈದ್ಯರು ನಾಲಗೆ ನೋಡುವ ಗಾಂಭೀರ್ಯದಿಂದ ಒಳಗೆ ನೋಡಿ, ಧೂಳು ಊದಿ, ಮತ್ತೆ ಮುಚ್ಚಿ ಕೊಡುತ್ತಿದ್ದೆ. ಕೆಲವು ನಡೆಯತೊಡಗುತ್ತಿದ್ದವು. ಧೂಳು ಹೋದದ್ದಕ್ಕೆ ನಡೆದವೋ ನನ್ನ ಮೇಲಿನ ಕರುಣೆಯಿಂದ ನಡೆದವೋ ಇಂದಿಗೂ ಗೊತ್ತಿಲ್ಲ. ಹೇಗೋ ಕೀರ್ತಿ ಬೆಳೆಯಿತು. ವಿದ್ವತ್ತಿಗೂ ವಿದ್ಯುತ್ತಿಗೂ ಇರುವುದು ಒಂದೇ ಅಕ್ಷರದ ಅಂತರವೆಂದು ಊರವರು ನಂಬಿದರು. ಊರವರಿಗಿಂತ ಹೆಚ್ಚಾಗಿ ನಾನು ನಂಬಿದೆ.

ಅದೇ ಶಾಲೆಯಲ್ಲಿ ಬೀರಪ್ಪನೆಂಬ ಕೈಕಸುಬಿನ ಮಾಸ್ತರನಿದ್ದ. ಕುರಿ ಕಾಯುವ ಮನೆತನದವನು. ಅವರ ಮನೆಯಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲನೆಯವನು. ಹುಡುಗರಿಗೆ ನೂಲು ಹೊಸೆಯುವುದು, ಹಗ್ಗ ಮಾಡುವುದು, ಮರಗೆಲಸ ಇವನ್ನೆಲ್ಲ ಕಲಿಸುತ್ತಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನಾದ್ದರಿಂದ ನಾನು ಅವನಿಗೆ ಏಕವಚನದಲ್ಲಿ ಮಾತಾಡುತ್ತಿದ್ದೆ, ಅವನು ನನಗೆ ಬಹುವಚನದಲ್ಲಿ. ವಯಸ್ಸು ಒಂದು ನೆಪ. ನನ್ನ ನೌಕರಿ ಖಾಯಂ, ಅವನದು ತಾತ್ಪೂರ್ತಿಕ. ಅವನ ನೇಮಕದ ಆದೇಶ ಪ್ರತಿ ಏಪ್ರಿಲಿಗೆ ಮುಗಿದು ಪ್ರತಿ ಜೂನಿಗೆ ಹೊಸದಾಗಿ ಹುಟ್ಟುತ್ತಿತ್ತು. ಮೇ ತಿಂಗಳಿನಲ್ಲಿ ಅವನು ಯಾರೂ ಅಲ್ಲ. ಹೀಗೆ ಆರು ವರ್ಷ ನಡೆದಿತ್ತು.

ಆ ವರ್ಷ ಚಳಿಗಾಲ ಶುರುವಾದಾಗ ಒಂದು ರವಿವಾರ ಬೆಳಿಗ್ಗೆ ಅವನ ಹೊಲದ ಕಡೆ ತಿರುಗಾಡಲು ಹೋದವನು ಒಂದು ವಿಚಿತ್ರವನ್ನು ಕಂಡೆ. ಜೋಳ ತೆನೆ ಹಿರಿದು ಹಾಲುಗಾಳಾಗಿ ನಿಂತಿತ್ತು, ಹಕ್ಕಿಗಳ ಹಬ್ಬದ ಕಾಲ. ಬೀರಪ್ಪನ ತಾಯಿ ಹೊಲದ ನಡುವಿನ ಅಟ್ಟಣಿಗೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಒಂದು ಕಾಲಕ್ಕೆ ಆಕೆ ಕವಣೆ ಬೀಸಿದರೆ ಕಣ್ಣು ಹೋದಲ್ಲಿಗೆ ಹೆಂಟೆ ಹೋಗುತ್ತಿತ್ತಂತೆ. ಈಗ ಬಲಭುಜದ ಕೀಲು ಹಿಡಿದು ಕೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ. ಆಕೆಯ ಪಕ್ಕದಲ್ಲಿ ಆಕಾಶಕ್ಕೆ ಮುಖ ಮಾಡಿದ ಒಂದು ಕಬ್ಬಿಣದ ಕೊಳವೆ. ನಾನು ನೋಡುತ್ತಿದ್ದಂತೆ ಆಕೆ ಎಡಗೈಯಲ್ಲಿದ್ದ ಹಗ್ಗವನ್ನು ಮೆಲ್ಲಗೆ ಜಗ್ಗಿದಳು. ಧಪ್ಪೆಂದು ಶಬ್ದವಾಗಿ ಕೊಳವೆಯೊಳಗಿನಿಂದ ಮಣ್ಣಿನ ಉಂಡೆಯೊಂದು ಹಾರಿ, ಬೆಳೆಯ ಮೇಲೆ ಎತ್ತರದಲ್ಲಿ ಒಡೆದು, ಕರಿಯ ಪುಡಿಯಾಗಿ ಸುರಿಯಿತು. ಒಂದು ಇಡೀ ಮೋಡದಷ್ಟು ಹಕ್ಕಿ ಎದ್ದು ಪಕ್ಕದ ಹೊಲಕ್ಕೆ ಹೋದವು.

ಬೀರಪ್ಪ ನಾಚಿಕೊಳ್ಳುತ್ತ ಎಲ್ಲವನ್ನೂ ತೋರಿಸಿದ. ಲಾರಿಯ ಬ್ರೇಕಿಗೆ ಗಾಳಿ ತುಂಬಿಡುವ ಕಬ್ಬಿಣದ ಹಂಡೆಯಂಥ ಡಬ್ಬಿ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತ್ತು. ಅದಕ್ಕೆ ಸೈಕಲ್ ಟ್ಯೂಬಿನ ವಾಲ್ವು ಕೂಡಿಸಿ ಸೈಕಲ್ ಪಂಪಿನಿಂದಲೇ ಗಾಳಿ ತುಂಬುತ್ತಿದ್ದ. ಡಬ್ಬಿಗೂ ಕೊಳವೆಗೂ ನಡುವೆ ಕಾಲು ಸುತ್ತಿಗೇ ಪೂರ್ತಿ ತೆರೆಯುವ ಹಿತ್ತಾಳೆಯ ನಲ್ಲಿ. ನಲ್ಲಿಯ ಹಿಡಿಕೆಗೆ ಬಾಗಿಲ ಸ್ಪ್ರಿಂಗು. ಸ್ಪ್ರಿಂಗು ಅದನ್ನು ಎಳೆಯದಂತೆ ತಡೆದು ಹಿಡಿದ ಒಂದು ಕೊಂಡಿ. ಹಗ್ಗ ಜಗ್ಗಿದರೆ ಕೊಂಡಿ ಬಿಡುತ್ತಿತ್ತು, ನಲ್ಲಿ ಒಮ್ಮೆಲೇ ತೆರೆದು ಗಾಳಿಯೆಲ್ಲ ಉಂಡೆಯ ಬೆನ್ನಿಗೆ ಬೀಳುತ್ತಿತ್ತು. ಅವ್ವನ ಭುಜ ಹೋದ ಮೇಲೆ ಹೊಲದಲ್ಲಿ ಕೂತು ಬರೀ ಬಾಯಿಂದ ಕೂಗುವುದನ್ನು ನೋಡಲಾಗದೆ ಮಾಡಿದೆನೆಂದ. ಅದಕ್ಕೆ ಅವನಿಟ್ಟ ಹೆಸರು ಗಾಳಿ ಕವಣಿ.

ನನ್ನ ಹನ್ನೊಂದು ವರ್ಷದ ಮಾಸ್ತರಿಕೆಯಲ್ಲಿ ಅಷ್ಟು ಸಮರ್ಪಕವಾದ ಯಂತ್ರವನ್ನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಈ ಮಾತನ್ನು ಆಗಲೇ ಆಡಿ ಮನೆಗೆ ಹೋಗಿದ್ದರೆ ನಾನು ಇಂದು ಸಮಾಧಾನದಿಂದ ಗುಂಡಿ ಒತ್ತಿ ಒಳಗೆ ಬರುತ್ತಿದ್ದೆನೇನೋ. ಆದರೆ ಒಳ್ಳೆಯದನ್ನು ಕಂಡರೆ ಅದನ್ನು ಇನ್ನಷ್ಟು ಒಳ್ಳೆಯದನ್ನಾಗಿಸುವ ಚಪಲ ವಿದ್ಯಾವಂತರಿಗೆ ಅಂಟಿದ ಜಾಡ್ಯ. ಜನವರಿಯಲ್ಲಿ ಅಣ್ಣಿಗೇರಿಯಲ್ಲಿ ಸುತ್ತಲಿನ ಶಾಲೆಗಳೆಲ್ಲ ಸೇರುವ ವಿಜ್ಞಾನ ವಸ್ತುಪ್ರದರ್ಶನವಿತ್ತು. ನಮ್ಮ ಶಾಲೆಯ ಕಮಿಟಿಯ ಚೇರಮನ್ ಗೌಡರು ಶಾಲೆಗೆ ಒಂದು ಹೆಸರು ಬರಬೇಕೆಂದು ತಹತಹಿಸುತ್ತಿದ್ದರು. ನಾನು ಹೋಗಿ ಗಾಳಿ ಕವಣಿಯ ವಿಷಯ ಹೇಳಿದೆ. ಅವರು ಸಂತೋಷಪಟ್ಟು, ಪ್ರದರ್ಶನದಲ್ಲಿ ಇದು ಮೆಚ್ಚುಗೆ ಪಡೆದರೆ ಬೀರಪ್ಪನ ನೌಕರಿಯನ್ನು ಖಾಯಂ ಮಾಡುವ ವಿಚಾರವನ್ನು ಕಮಿಟಿಯ ಮುಂದೆ ತಾವೇ ಇಡುವುದಾಗಿ ಮಾತು ಕೊಟ್ಟರು. ಆ ಮಾತನ್ನು ಬೀರಪ್ಪನಿಗೆ ಮುಟ್ಟಿಸಿದವನೂ ನಾನೇ. ಅವನು ಎರಡೂ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ, ಅಷ್ಟೆ.

ಆಮೇಲೆ ನನ್ನ ಸುಧಾರಣೆ ಶುರುವಾಯಿತು. ಹಗ್ಗ ಜಗ್ಗಿದರೆ ಅದು ಒಕ್ಕಲುತನ, ಗುಂಡಿ ಒತ್ತಿದರೆ ವಿಜ್ಞಾನ ಎಂದು ಅವನಿಗೆ ವಿವರಿಸಿದೆ. ಎತ್ತಿನ ಮೂಗುದಾರದಂಥ ಆ ಹಗ್ಗವನ್ನು ಸಾಹೇಬರ ಕೈಗೆ ಕೊಡಲಾದೀತೇ ಎಂದು ಕೇಳಿದೆ. ಕೊಂಡಿಯನ್ನು ಹಗ್ಗದ ಬದಲು ವಿದ್ಯುದಯಸ್ಕಾಂತ ಎಳೆಯಬೇಕೆಂಬುದು ನನ್ನ ಯೋಜನೆ. ಮೋಟಾರು ಸುತ್ತುವವರ ಬಳಿ ತಾಮ್ರದ ತಂತಿ ತಂದು, ಹೆಬ್ಬೆರಳಿನ ಗಾತ್ರದ ಬೋಲ್ಟಿನ ಮೇಲೆ ಕುಳಿತು ಸುತ್ತಿದೆ. ಎಣಿಸುತ್ತ ನೂರಾರು ಸುತ್ತು ದಾಟುವ ಹೊತ್ತಿಗೆ ಹೆಂಡತಿ ಬಂದು ಸಂಜೆಗೆ ಯಾವ ಪಲ್ಯ ಎಂದು ಕೇಳುತ್ತಿದ್ದಳು. ನಾನು ಬದನೆಕಾಯಿ ಎನ್ನುವಷ್ಟರಲ್ಲಿ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು. ಮೂರು ದಿನ ಬದನೆಕಾಯಿ ಉಂಡ ಮೇಲೆ ಸುರುಳಿ ಸಿದ್ಧವಾಯಿತು. ಬ್ಯಾಟರಿ ಗೌಡರ ಟ್ರ್ಯಾಕ್ಟರಿನದು. ಗುಂಡಿ, ಮನೆಯ ಕರೆಗಂಟೆಗೆ ಹಾಕುವಂಥದ್ದೇ ಒಂದು.

ಶಾಲೆಯ ಹಿಂದಿನ ಬಯಲಿನಲ್ಲಿ ಮೊದಲ ಪರೀಕ್ಷೆ. ಎರಡು ಮಾರು ತಂತಿಯ ತುದಿಯಲ್ಲಿ ಗುಂಡಿ ಹಿಡಿದು ನಾನು ನಿಂತೆ. ಬೀರಪ್ಪ ಗಾಳಿ ತುಂಬಿ ಪಕ್ಕಕ್ಕೆ ಸರಿದ. ಒತ್ತಿದೆ. ಟಕ್ಕೆಂದು ಕೊಂಡಿ ಬಿಟ್ಟಿತು, ಧಪ್ಪೆಂದು ಉಂಡೆ ಹೋಯಿತು. ಜೀವನದಲ್ಲಿ ಮೊದಲ ಬಾರಿಗೆ ನಾನು ಕಲಿಸಿದ್ದು ನಿಜವೆಂದು ನನಗೆ ಕಂಡಿತು. ನಾಲ್ಕು ಬಾರಿ ಒತ್ತಿದೆ, ನಾಲ್ಕು ಬಾರಿಯೂ ಹಾರಿತು. ಬೀರಪ್ಪ ಹತ್ತಿರ ಬಂದು, ಒಮ್ಮೆ ಅವ್ವನ ಕೈಯಿಂದಲೂ ಒತ್ತಿಸಬೇಕು, ಇದಕ್ಕೆ ಒಂದು ಬೆರಳು ಸಾಕಲ್ಲ ಎಂದ. ಪ್ರದರ್ಶನ ಮುಗಿಯಲಿ ಎಂದೆ. ಜೋಳದ ಹೊಲದಲ್ಲಿ ಆ ವಾರದಿಂದ ಆಕೆ ಮತ್ತೆ ಬಾಯಿಂದಲೇ ಕೂಗುತ್ತಿದ್ದಳೆಂಬುದು ನನ್ನ ತಲೆಗೆ ಬರಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಅಣ್ಣಿಗೇರಿಯ ಬಯಲಿನಲ್ಲಿ ಶಾಮಿಯಾನ ಕಟ್ಟಿದ್ದರು. ಧಾರವಾಡದಿಂದ ಶಿಕ್ಷಣ ಖಾತೆಯ ಸಾಹೇಬರು ಉದ್ಘಾಟನೆಗೆ ಬರುವವರಿದ್ದರು. ಅವರು ವೇದಿಕೆಯ ಮೇಲೆ ಕುಳಿತಲ್ಲಿಂದಲೇ ಗುಂಡಿ ಒತ್ತಿ ಗಾಳಿ ಕವಣಿ ಹಾರಿಸಿ ಪ್ರದರ್ಶನವನ್ನು ಉದ್ಘಾಟಿಸಬೇಕೆಂಬ ಕಲ್ಪನೆ ನನ್ನದು. ಆ ಕಲ್ಪನೆ ಬಂದ ಕ್ಷಣದಲ್ಲಿ ನನ್ನ ಬುದ್ಧಿಗೆ ನಾನೇ ತಲೆದೂಗಿದ್ದೆ. ಯಂತ್ರವಿದ್ದದ್ದು ಬಯಲಿನ ಆ ತುದಿಗೆ, ಶಾಮಿಯಾನ ಮುಗಿಯುವಲ್ಲಿ. ಅಲ್ಲಿಂದ ವೇದಿಕೆಗೆ ಮೂವತ್ತು ಮಾರು. ಅಂಗಡಿಯಿಂದ ಕರೆಗಂಟೆಯ ತೆಳುವಾದ ಹೊಸ ತಂತಿ, ಕೆಂಪು ಹಳದಿ ಹೊಸೆದದ್ದು, ತಂದು ನೆಲಕ್ಕೆ ಹಾಸಿ ಜೋಡಿಸಿದೆ. ಅಂದವಾಗಿ ಕಂಡಿತು. ಹಳೆಯ ಹಗ್ಗವನ್ನು ಬಿಚ್ಚಿ, ಯಂತ್ರ ಹೇರಿ ತಂದಿದ್ದ ಗೌಡರ ಟ್ರ್ಯಾಕ್ಟರಿನಲ್ಲಿ ಎಸೆದೆ.

ಬೀರಪ್ಪ ಬಂದು ತಂತಿಯ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದ. ತಂತಿ ಬಹಳ ಉದ್ದವಾಯಿತೇನೋ, ಗಾಳಿ ತುಂಬದೆ ಬರೀ ಕೊಂಡಿಯನ್ನಾದರೂ ಒಮ್ಮೆ ಎಳೆಸಿ ನೋಡೋಣ ಎಂದು ಏನೋ ಹೇಳಿದ. ನಾನಾಗ ಕೋಟು ಹಾಕಿಕೊಂಡಿದ್ದೆ. ಕೋಟು ಹಾಕಿಕೊಂಡ ವಿಜ್ಞಾನದ ಮಾಸ್ತರ, ಧೋತರ ಉಟ್ಟ ಕೈಕಸುಬಿನ ಮಾಸ್ತರನಿಂದ ವಿದ್ಯುತ್ತಿನ ಪಾಠ ಹೇಳಿಸಿಕೊಳ್ಳುವುದುಂಟೇ. ಮಿಂಚಿನ ವೇಗದಲ್ಲಿ ಹೋಗುವ ವಿದ್ಯುತ್ತಿಗೆ ಮೂವತ್ತು ಮಾರು ಯಾವ ಲೆಕ್ಕ ಎಂದು ನಕ್ಕು, ಸಾಹೇಬರನ್ನು ಎದುರುಗೊಳ್ಳಲು ಹೋದೆ.

ಸಾಹೇಬರು ಬಂದರು, ಹಾರ, ಸ್ವಾಗತ, ಪ್ರಾರ್ಥನೆ ಎಲ್ಲ ಆಯಿತು. ಗುಂಡಿಯನ್ನು ತಟ್ಟೆಯ ಮೇಲಿಟ್ಟು ಅವರ ಮುಂದೆ ಹಿಡಿದೆ. ಅವರು ಮುಗುಳ್ನಕ್ಕು ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆ ತುದಿಯಲ್ಲಿ ಯಂತ್ರದ ಪಕ್ಕ ನಿಂತಿದ್ದ ಬೀರಪ್ಪ ನನ್ನ ಕಡೆ ತಿರುಗಿ ನೋಡಿದ. ಜನರ ನಡುವೆ ಎಲ್ಲೋ ಒಬ್ಬರು ನಕ್ಕರು. ನಗೆ ಎಂಬುದು ಬಯಲಿನಲ್ಲಿ ಬಿದ್ದ ಬೆಂಕಿಯಂತೆ ಹಬ್ಬಿತು. ಸಾಹೇಬರು ಮೂರನೆಯ ಬಾರಿ ಒತ್ತಿ, ಗುಂಡಿಯನ್ನು ತಟ್ಟೆಗೆ ಹಾಕಿ, ಏನಿದೆ ನೋಡೋಣ ಎಂದು ಎದ್ದು ವೇದಿಕೆಯಿಂದ ಇಳಿದರು. ಹಿಂದೆ ಗೌಡರು, ಅವರ ಹಿಂದೆ ನಾನು.

ನಾವು ಯಂತ್ರದ ಹತ್ತಿರ ಬಂದಾಗ ಬೀರಪ್ಪ ಬಗ್ಗಿ ಕೊಂಡಿಯನ್ನು ನೋಡುತ್ತಿದ್ದ. ನಿಶ್ಶಕ್ತವಾದ ನನ್ನ ಅಯಸ್ಕಾಂತ ಮೂರು ಬಾರಿ ಎಳೆದು ಅದನ್ನು ಅರ್ಧ ಸರಿಸಿತ್ತು. ಅದು ಕೂದಲೆಳೆಯಷ್ಟು ಆಧಾರದ ಮೇಲೆ ನಿಂತಿತ್ತು. ಯಾರಿಗೂ ಅಪಾಯವಾಗದಿರಲೆಂದು ಅವನು ಅದನ್ನು ಹಿಂದಕ್ಕೆ ಕೂಡಿಸಲು ಕೈಯಿಟ್ಟ. ಕೈ ತಗುಲಿದ್ದೇ ತಡ, ಕೊಂಡಿ ಜಾರಿತು. ಉಂಡೆ ಓರೆಯಾಗಿ ಹಾರಿ ಶಾಮಿಯಾನದ ಅಂಚಿನ ಬಿದಿರಿಗೆ ಬಡಿದು ಒಡೆಯಿತು. ಎರೆಮಣ್ಣಿನ ಪುಡಿಯೆಲ್ಲ ಸಾಹೇಬರ ಬಿಳಿಯ ಬಟ್ಟೆಯ ಮೇಲೆ, ಮುಖದ ಮೇಲೆ, ಕಣ್ಣೊಳಗೆ.

ಕಣ್ಣು ತೆರೆಯಲಾಗದೆ ಅವರು ಕೈಚಾಚಿ ತಡವರಿಸಿದರು. ಗೌಡರು ನೀರು ನೀರು ಎಂದರು. ನೀರು ಬಂತು. ಮುಖ ತೊಳೆದುಕೊಂಡು, ಕೆಂಪಗಾದ ಕಣ್ಣನ್ನು ಹೇಗೋ ಬಿಡಿಸಿ, ಇದನ್ನು ಮಾಡಿದವರು ಯಾರೆಂದು ಸಾಹೇಬರು ಕೇಳಿದರು.

"ಗಾಳಿ ಕವಣಿ ನಂದ್ರಿ," ಎಂದ ಬೀರಪ್ಪ.

ಅಷ್ಟು ಹೇಳಿ ನನ್ನ ಕಡೆ ನೋಡಿದ. ಆ ನೋಟದಲ್ಲಿ ಆರೋಪವಿರಲಿಲ್ಲ. ಇಬ್ಬರು ಸೇರಿ ಹೇಳುವ ಮಾತಿನಲ್ಲಿ ತನ್ನ ಭಾಗವನ್ನು ಹೇಳಿ ಮುಗಿಸಿದವನು ಇನ್ನೊಬ್ಬನ ಕಡೆ ತಿರುಗುವ ರೀತಿ ಅದು. ನನ್ನ ಬಾಯಲ್ಲಿ ಮಾತು ಸಿದ್ಧವಾಗಿಯೇ ಇತ್ತು: ಯಂತ್ರ ಅವನದು, ತಂತಿ ನನ್ನದು, ಕೆಟ್ಟದ್ದು ತಂತಿ. ಎಷ್ಟು ಸಣ್ಣ ವಾಕ್ಯ. ನಾನು ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದೆ, ನೀರಿನಲ್ಲಿ ಅದ್ದಿದೆ, ಹಿಂಡಿದೆ, ಸಾಹೇಬರ ಕೈಗೆ ಕೊಟ್ಟೆ. ಕಣ್ಣಿಗೆ ತಣ್ಣಗಾದ ಬಟ್ಟೆ ಒತ್ತಿಕೊಂಡು ಅವರು, ಇಲ್ಲಿ ತಿಳಿವಳಿಕೆ ಇರುವವರು ನೀವೊಬ್ಬರೇ ಕಾಣುತ್ತೀರಿ ಎಂದರು. ನಾನು ತಲೆ ಬಾಗಿಸಿದೆ. ವಿನಯದಿಂದ ಬಾಗಿಸಿದೆನೆಂದು ಎಲ್ಲರೂ ತಿಳಿದರು.

ಸಾಹೇಬರ ಕಣ್ಣು ಎರಡು ದಿನಕ್ಕೆ ಸರಿಹೋಯಿತು. ಗಾಳಿ ಕವಣಿಯನ್ನು ಅಪಾಯದ ವಸ್ತುವೆಂದು ಶಾಲೆಯ ಸಾಮಾನಿನ ಕೋಣೆಯಲ್ಲಿ ಹಾಕಿ ಬೀಗ ಜಡಿದರು. ಬೀರಪ್ಪ ಅದನ್ನು ತಿರುಗಿ ಕೇಳಲಿಲ್ಲ. ಏಪ್ರಿಲಿನಲ್ಲಿ ಕಮಿಟಿ ಸೇರಿದಾಗ ಗೌಡರು ನನ್ನನ್ನೂ ಕರೆಸಿ, ನೀವು ಹಿರಿಯರು, ಅವನ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳಿದರು. ಕೆಲಸಗಾರ ಒಳ್ಳೆಯವನು, ಉಳಿದದ್ದು ಕಮಿಟಿಯ ಇಚ್ಛೆ ಎಂದೆ. ಹೀಗೆ ಹೇಳಿದರೆ ಸುಳ್ಳು ಹೇಳಿದಂತಾಗುವುದಿಲ್ಲವೆಂದು ಲೆಕ್ಕ ಹಾಕಿಯೇ ಹೇಳಿದ್ದೆ. ಜೂನಿನಲ್ಲಿ ಶಾಲೆ ತೆರೆದಾಗ ಮರಗೆಲಸದ ಕೋಣೆಯಲ್ಲಿ ಬೇರೊಬ್ಬ ಮಾಸ್ತರರಿದ್ದರು.

ನೀವು ಕೇಳಬಹುದು, ತಂತಿಯದೇ ತಪ್ಪೆಂದು ನಿನಗೆ ಆ ದಿನವೇ ಹೇಗೆ ಗೊತ್ತಿತ್ತು ಎಂದು. ಗೊತ್ತಿರಲಿಲ್ಲ. ತಂತಿ ಎಂದು ನಾಲಗೆಗೆ ಬಂದದ್ದು ನಾನು ಜೋಡಿಸಿದ್ದಕ್ಕೆಲ್ಲ ಒಂದೇ ಹೆಸರಾಗಿ; ನನ್ನ ಕಡೆಯದು ಏನೋ ಕೈಕೊಟ್ಟಿದೆ ಎಂದಷ್ಟೇ ಗೊತ್ತಿತ್ತು. ಏನೆಂದು ಗೊತ್ತಿಲ್ಲದ್ದನ್ನೇ ಒಂದು ರಕ್ಷಣೆಯಾಗಿ ಇಟ್ಟುಕೊಂಡಿದ್ದೆ. ಬ್ಯಾಟರಿ ಇಳಿದಿತ್ತೇನೋ, ಬೋಲ್ಟು ಸಡಿಲಾಯಿತೇನೋ, ಟ್ರ್ಯಾಕ್ಟರಿನ ಕುಲುಕಾಟಕ್ಕೆ ಏನಾಯಿತೋ. ಆಗಸ್ಟಿನಲ್ಲಿ ಒಂದು ದಿನ, ಹೊರಗೆ ಜಿಟಿಜಿಟಿ ಮಳೆ ಬೀಳುತ್ತಿರುವಾಗ, ಹತ್ತನೆಯ ಇಯತ್ತೆಗೆ ವಿದ್ಯುತ್ತಿನ ಪಾಠ ಹೇಳುತ್ತಿದ್ದೆ. ಪ್ರತಿ ವರ್ಷದಂತೆ ಕರಿಹಲಗೆಯ ಮೇಲೆ ಬರೆದೆ: ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ತೆಳುವಾದಷ್ಟೂ ರೋಧ ಹೆಚ್ಚು.

ಸೀಮೆಸುಣ್ಣ ಅಲ್ಲಿಯೇ ನಿಂತಿತು. ಎರಡು ಮಾರು ತಂತಿಗೆ ನಾಲ್ಕು ಬಾರಿ ಎಳೆದ ಅಯಸ್ಕಾಂತ ಮೂವತ್ತು ಮಾರು ತೆಳು ತಂತಿಗೆ ಏಕೆ ಎಳೆಯಲಿಲ್ಲವೆಂದು ನನ್ನ ಕೈಬರಹವೇ ನನಗೆ ಹೇಳುತ್ತಿತ್ತು. ಬ್ಯಾಟರಿಯ ಬಲವೆಲ್ಲ ದಾರಿಯಲ್ಲೇ ಸವೆದು, ಸುರುಳಿಗೆ ಮುಟ್ಟಿದ್ದು ಅಳಿದುಳಿದ ಚೂರು. ಈ ನಿಯಮವನ್ನು ಹನ್ನೊಂದು ವರ್ಷ ಕಲಿಸಿದ್ದೆ, ಪರೀಕ್ಷೆಯಲ್ಲಿ ಕೇಳಿದ್ದೆ, ಬರೆಯದವರ ಅಂಕ ಕಳೆದಿದ್ದೆ. ವೇಗದ ಮಾತಾಡಿ ರೋಧವನ್ನು ಮರೆತಿದ್ದೆ. ಪಾಠವನ್ನು ಅಲ್ಲಿಗೇ ನಿಲ್ಲಿಸಿ, ತಲೆನೋವೆಂದು ಹೇಳಿ ಹೊರಗೆ ಬಂದೆ.

ಆ ವಾರ ಕಮಿಟಿಗೆ ಒಂದು ಪತ್ರ ಬರೆದೆ. ಮೊದಲ ಕರಡು ಮೂರು ಸಾಲಿನದು: ತಪ್ಪು ನನ್ನದು, ಬೀರಪ್ಪನದಲ್ಲ, ಅವನನ್ನು ತಿರುಗಿ ಕರೆಯಿರಿ. ಅದು ತೀರ ಒರಟಾಗಿ ಕಂಡು ಎರಡನೆಯದನ್ನು ಬರೆದೆ. ಎರಡನೆಯದರಲ್ಲಿ ಸಂಸ್ಕೃತ ಬಂತು. ಮೂರನೆಯದರಲ್ಲಿ ಅನವಧಾನ, ಪರಿಸ್ಥಿತಿಜನ್ಯ, ನೈತಿಕ ಹೊಣೆ ಎಂಬ ಮಾತುಗಳು ಸಾಲುಗಟ್ಟಿದವು. ಪತ್ರ ಬೆಳೆದಂತೆ ತಪ್ಪು ಸಣ್ಣದಾಗಿ ನಾನು ದೊಡ್ಡವನಾಗುತ್ತ ಹೋದೆ. ಕೊಟ್ಟದ್ದು ಮೂರನೆಯದನ್ನೇ.

ಗೌಡರು ಮನೆಗೆ ಕರೆಸಿದರು. ಚಹಾ ಕೊಟ್ಟು, ಪತ್ರವನ್ನು ಮಡಚಿ ನನ್ನ ಕೈಗೇ ತಿರುಗಿ ಇಟ್ಟರು.

"ನಿಮ್ಮ ಮನಸ್ಸು ದೊಡ್ಡದೈತ್ರಿ ಮಾಸ್ತರ್ರ," ಎಂದರು. "ಒಬ್ಬ ಬಡವನ ಸಲುವಾಗಿ ಅಂವನ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕ ನಿಂತೀರಿ. ಹಂಗ ಆಗೂದಿಲ್ರಿ. ಅಂವನ ಕೈ ಹತ್ತಿದ್ದು ನನ್ನ ಕಣ್ಣಾಗ ನಾ ನೋಡೇನಿ."

ಇಲ್ಲ, ನಿಜವಾಗಿಯೂ ನನ್ನದೇ ಎಂದೆ. ರೋಧದ ನಿಯಮವನ್ನು ವಿವರಿಸಿದೆ. ನಾನು ವಿವರಿಸಿದಷ್ಟೂ ಅವರ ಕಣ್ಣಿನಲ್ಲಿ ಮೆಚ್ಚುಗೆ ಹೆಚ್ಚಿತು. ಒಂದು ವಾರದೊಳಗೆ ಆ ಪತ್ರದ ಸುದ್ದಿ ಊರೆಲ್ಲ ಹಬ್ಬಿತು. ದಾರಿಯಲ್ಲಿ ಸಿಕ್ಕವರು ಕೈ ಮುಗಿದರು. ಪಾಲಕರ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಇಂಥ ಮಾಸ್ತರರು ಸಿಕ್ಕದ್ದು ಊರಿನ ಪುಣ್ಯ ಎಂದರು, ಎಲ್ಲರೂ ಚಪ್ಪಾಳೆ ಹೊಡೆದರು. ಸತ್ಯ ಹೇಳಿ ಸುಳ್ಳನ್ನು ಗಟ್ಟಿ ಮಾಡುವುದು ಸಾಧ್ಯವೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಹೇಳುವ ಹೊತ್ತೊಂದಿತ್ತು. ಕರವಸ್ತ್ರ ಹಿಂಡುವಷ್ಟು ಹೊತ್ತು. ಅದು ದಾಟಿದ ಮೇಲೆ ಅದೇ ಮಾತಿಗೆ ಬೇರೆಯೇ ಅರ್ಥ ಬಂದಿತ್ತು.

ದೀಪಾವಳಿಯ ಸೂಟಿಯಲ್ಲಿ ಬೀರಪ್ಪನನ್ನು ಹುಡುಕಿಕೊಂಡು ಹೊರಟೆ. ಹೊಲವನ್ನು ಬೇರೆಯವರಿಗೆ ಮಾಡಲು ಕೊಟ್ಟು, ದಾಯಾದಿಗಳ ಹಿಂಡಿನೊಂದಿಗೆ ತನ್ನ ಕುರಿಗಳನ್ನೂ ಕೂಡಿಸಿಕೊಂಡು ತಾಯಿಯೊಡನೆ ಊರು ಬಿಟ್ಟಿದ್ದನಂತೆ. ಗುಡಗೇರಿಯ ಕಡೆ ಇದ್ದಾರೆಂದು ಸಂತೆಗೆ ಹೋಗಿ ಬಂದವರು ಹೇಳಿದರು. ರೈಲಿಗೆ ಹೋಗಿ ಇಳಿದು, ಕೇಳುತ್ತ ಕೇಳುತ್ತ ನಡೆದೆ. ಶೇಂಗಾ ಕಿತ್ತು ಖಾಲಿಯಾದ ಒಂದು ಹೊಲದಲ್ಲಿ, ಗೊಬ್ಬರಕ್ಕಾಗಿ ಹೊಲದ ಮಾಲಕರು ಹಿಂಡು ನಿಲ್ಲಿಸಿಕೊಂಡಿದ್ದರು. ಹಿಂಡಿನ ಸುತ್ತ ಕಟ್ಟಿದ ಬಲೆಯ ಪಕ್ಕದಲ್ಲಿ ಬೀರಪ್ಪ ಕುಂಟುತ್ತಿದ್ದ ಒಂದು ಕುರಿಯ ಗೊರಸು ನೋಡುತ್ತಿದ್ದ. ಹೆಗಲ ಮೇಲೆ ಕಂಬಳಿ. ಶಾಲೆಯಲ್ಲಿದ್ದಾಗ ಕ್ರಾಪು ತೆಗೆದು ಬಾಚುತ್ತಿದ್ದ ತಲೆಗೆ ರುಮಾಲು. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಬರ್ರಿ ಸರ್ ಎಂದ. ಅವನ ತಾಯಿ ಮೂರು ಕಲ್ಲಿನ ಒಲೆಯ ಮುಂದಿನಿಂದಲೇ, ಉಂಡು ಬಂದಿರೋ ಹಾಗೆಯೇ ಬಂದಿರೋ ಎಂದು ಕೇಳಿದಳು. ಮಾತು ಮುಗಿಯುವ ಮೊದಲೇ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೈಗಿಟ್ಟಳು.

ಉಂಡ ಮೇಲೆ ಅವನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಸಂಸ್ಕೃತ ಬರಲಿಲ್ಲ. ತಂತಿ ಉದ್ದವಾಗಿತ್ತು, ತೆಳುವಾಗಿತ್ತು, ಬಲ ಮುಟ್ಟಲಿಲ್ಲ, ನಿಮ್ಮ ಯಂತ್ರದ್ದು ಏನೂ ತಪ್ಪಿರಲಿಲ್ಲ ಎಂದೆ. ಅವನಿಗೆ ನನ್ನ ಬಾಯಿಂದ ಬಹುವಚನ ಬಂದದ್ದು ಅದೇ ಮೊದಲು. ಅದು ನನಗೇ ಕೇಳಿ ಒಂದು ಕ್ಷಣ ತಡವರಿಸಿದೆ.

ಅವನು ಕುರಿಗಳ ಕಡೆ ನೋಡುತ್ತ ನಿಂತಿದ್ದ.

"ಗೊತ್ತಿತ್ರಿ ಸರ್," ಎಂದ. "ಮುಂಜಾನೆನ ಗೊತ್ತಿತ್ತು. ನೀವು ಸಾಹೇಬ್ರನ್ನ ಕರ್ಕೊಂಡು ಬರಾಕ ಹೋದಾಗ ನಮ್ಮ ಮಂದಿಯೊಳಗ ಒಬ್ಬರನ್ನ ವೇದಿಕಿ ಮ್ಯಾಲ ನಿಂದ್ರಿಸಿ ಗುಂಡಿ ಒತ್ತಿಸಿದ್ನಿರಿ. ಕೊಂಡಿ ಅಲುಗ್ಯಾಡ್ತು, ಬಿಡಲಿಲ್ಲ. ನಿಮಗ ಹೇಳೂಣು ಅಂತ ಬಂದ್ನಿ. ನೀವು ಸಾಹೇಬ್ರ ಜೋಡಿ ಮಾತಾಡ್ಲಾಕತ್ತಿದ್ರಿ."

ಹಾಗಾದರೆ ಅಲ್ಲಿಯೇ, ಎಲ್ಲರ ಎದುರಿಗೆ ಏಕೆ ಹೇಳಲಿಲ್ಲವೆಂದು ಕೇಳಿದೆ. ತಂತಿ ಮಾಸ್ತರರದೆಂದು ಒಂದು ಮಾತು ಅಂದಿದ್ದರೆ ನಾನು ಅಲ್ಲಗಳೆಯುತ್ತಿರಲಿಲ್ಲ ಎಂದೆ. ಹಾಗೆ ಅನ್ನುವಾಗಲೂ ಅದು ನಿಜವೋ ಅಲ್ಲವೋ ನನಗೆ ತಿಳಿದಿರಲಿಲ್ಲ.

"ನೀವು ಹೇಳ್ತೀರಿ ಅಂತ ಕಾಯ್ಕೋತ ನಿಂತಿದ್ನಿರಿ," ಎಂದ. ಹಿಂಡಿನಿಂದ ಕಣ್ಣು ತೆಗೆಯದೆ, "ಆವತ್ತು ಅಷ್ಟ ಅಲ್ರಿ. ಏಪ್ರಿಲ್‌ದಾಗೂ ಕಾಯ್ದ್ನಿ," ಎಂದ.

ಸಿಟ್ಟಿನಿಂದ ಹೇಳಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮಳೆ ಯಾವಾಗ ಬಂತು, ಬಿತ್ತನೆ ಯಾವಾಗ ಆಯಿತು ಎಂದು ಹೇಳುವ ಧ್ವನಿಯಲ್ಲಿ ಹೇಳಿದ. ಪತ್ರದ ಸಂಗತಿಯನ್ನು ಅವನಿಗೆ ತಿಳಿಸಿದೆ. ಅದಕ್ಕೆ ಬಂದ ಚಪ್ಪಾಳೆಯನ್ನು ತಿಳಿಸಲಿಲ್ಲ. ಅಷ್ಟೂ ಪ್ರಾಮಾಣಿಕತೆ ನನ್ನಲ್ಲಿ ಆ ದಿನವೂ ಕೂಡಿಬರಲಿಲ್ಲವೆಂಬುದನ್ನು ನೀವು ಗಮನಿಸಬೇಕು.

ರೈಲಿನ ಹೊತ್ತಾಯಿತೆಂದು ಅವನೇ ನೆನಪು ಮಾಡಿ ಸ್ಟೇಶನ್ನಿನವರೆಗೆ ಜೊತೆಗೆ ಬಂದ. ಬಿಸಿಲು ಇಳಿದಿತ್ತು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಧಾರವಾಡಕ್ಕೆ ಹೋಗಿ ಸಾಹೇಬರನ್ನೇ ಕಾಣುತ್ತೇನೆ. ಕುಂದಗೋಳದಲ್ಲಿ ಒಂದು ಶಾಲೆಯಲ್ಲಿ ಕೈಕಸುಬಿನ ಜಾಗ ಖಾಲಿಯಾಗುವುದಂತೆ, ಅಲ್ಲಿಯ ಮುಖ್ಯಾಧ್ಯಾಪಕರು ನನ್ನ ಗುರುತಿನವರು. ಎರಡು ತಿಂಗಳು ತಡೆಯಿರಿ, ಏನಾದರೊಂದು ಮಾಡಿಯೇ ಮಾಡುತ್ತೇನೆ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಹತ್ತಿರ ಬಂದಾಗ ಅವನು ನಿಂತ.

"ಬ್ಯಾಡ್ರಿ ಸರ್. ನೀವು ಮಾಡ್ತೀನಿ ಅಂದ್ರ ನಾ ಮತ್ತ ಕಾಯಬೇಕಾಗ್ತೈತಿ. ಕುರಿ ಕಾಯ್ದ್ರ ಸಂಜೀಕ ತಿರುಗಿ ಬರ್ತಾವ್ರಿ. ನಿಮ್ಮನ್ನ ಕಾಯೂದು ಇನ್ನ ನನ್ನ ಕಡೆ ಆಗೂದಿಲ್ಲ."

ಇಷ್ಟು ಹೇಳಿ ಎರಡೂ ಕೈ ಜೋಡಿಸಿದ. ಶಾಲೆಯಲ್ಲಿದ್ದ ಆರು ವರ್ಷ, ನಾನು ಪರ ಊರಿಗೆ ಹೊರಟಾಗ ಕಳಿಸಲು ಬಂದರೆ, ನಾನು ಬಸ್ಸು ಹತ್ತಿ ಕೂಡುವವರೆಗೆ ಅವನು ಎಂದೂ ಹೆಜ್ಜೆ ಕಿತ್ತವನಲ್ಲ. ಈಗ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಹಳಿ ದಾಟಿ, ಬಂದ ದಾರಿಯಲ್ಲಿ ನಡೆದ. ತಿರುಗಿ ನೋಡಿಯಾನೆಂದು ನಾನು ನಿಂತೇ ಇದ್ದೆ. ಗಾಡಿ ಬರಲು ಇನ್ನೂ ಅರ್ಧ ತಾಸಿತ್ತು.